ಗುಳ್ಳೆ ಎಡಕ್ಕೆ ಓಡಿತು

ನಾನು ಸುಳ್ಳುಗಾರ ಅಂತ ನನ್ನ ಮಗಳು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬರ್ತಾಳೆ. ಅದು ಶುದ್ಧ ಸುಳ್ಳು. ನಾನು ತಮಾಷೆಗಾರ. ದುಬೈಯಲ್ಲಿ ನಮ್ಮ ಮಂಗಳೂರು ಕಡೆಯವರು ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ, ಆದ್ರೆ ಅವರಲ್ಲಿ ನನ್ನಷ್ಟು ಗಂಭೀರ ಮುಖ ಇಟ್ಟುಕೊಂಡು ತಮಾಷೆ ಮಾಡುವವ ಇನ್ನೊಬ್ಬ ಇಲ್ಲ. ಇದನ್ನು ಬೇರೆ ಯಾರಾದ್ರೂ ಹೇಳಿದ್ರೆ ಚಂದ ಇತ್ತು. ಯಾರೂ ಹೇಳದ ಕಾರಣ ನಾನೇ ಹೇಳ್ಬೇಕಾಯ್ತು.

ಒಂದು ಸ್ಯಾಂಪಲ್ ಕೊಡ್ತೇನೆ. ನನ್ನ ಅಳಿಯ ಇಲ್ಲಿಗೆ ಬಂದು, ಒಂದು ಹೋಟೆಲಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿ, ನಾಲ್ಕನೇ ಸಲಕ್ಕೆ ಡ್ರೈವಿಂಗ್ ಟೆಸ್ಟ್ ಪಾಸಾಗಿ ಲೈಸೆನ್ಸ್ ಹಿಡ್ಕೊಂಡು ಮನೆಗೆ ಬಂದ ದಿನ ನಾನು ಅವನನ್ನು ಪಕ್ಕಕ್ಕೆ ಕರೆದು ಹೇಳಿದೆ, “ನೋಡು ಮಗ, ಒಂದು ನಿಯಮ ಉಂಟು. ಡ್ರೈವಿಂಗ್ ಸ್ಕೂಲಿನವರು ಹೇಳಿಕೊಡುದಿಲ್ಲ. ಹೊಸ ಲೈಸೆನ್ಸಿನವರು ರೌಂಡ್‌ಅಬೌಟ್ ಸಿಕ್ಕಿದ್ರೆ ಮೂರು ಸುತ್ತು ಹಾಕಿಯೇ ಹೊರಗೆ ಬರ್ಬೇಕು. ಮೇಲೆ ಕ್ಯಾಮೆರಾ ಎಣಿಸ್ತಾ ಇರ್ತದೆ.”

ಅಳಿಯ ಪಾಪದವ. “ಹೌದಾ ಮಾವ?” ಅಂತ ಕೇಳಿದ, ಅಷ್ಟೇ. ಮರುದಿನದಿಂದ ಶುರು. ಮಿರ್ದಿಫ್‌ನಲ್ಲಿ ನಮ್ಮ ಮನೆ ಹತ್ತಿರದ ರೌಂಡ್‌ಅಬೌಟಿಗೆ ಮೂರು ಸುತ್ತು, ಅದರ ಮುಂದಿನದಕ್ಕೆ ಇನ್ನು ಮೂರು. ಆ ಲೈಸೆನ್ಸ್ ಹಳತಾಗಿ, ರಿನ್ಯೂ ಆಗಿ, ಅವನ ತಲೆಕೂದಲು ಅರ್ಧ ಹೋಗಿ, ಇವತ್ತಿಗೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದ್ರೆ, ಹಿಂದೆ ಮುಂದೆ ಗಾಡಿ ಇಲ್ಲ ಅಂತಾದ್ರೆ, ಮೂರು ಸುತ್ತು ಹಾಕ್ತಾನೆ. ನನಗೆ ತಲೆ ತಿರುಗಿ ಬಾಗಿಲಿನ ಹಿಡಿ ಹಿಡ್ಕೊಳ್ಬೇಕಾಗ್ತದೆ. ಆದ್ರೂ ಹೊಟ್ಟೆಯೊಳಗೆ ನಗು. ಈ ಗುಟ್ಟು ಗೊತ್ತಿದ್ದದ್ದು ಲೋಕದಲ್ಲಿ ಇಬ್ಬರಿಗೆ, ನನಗೆ ಮತ್ತು ನನ್ನ ಮೊಮ್ಮಗಳಿಗೆ.

ಮೊಮ್ಮಗಳು ಹನ್ನೊಂದನೇ ಕ್ಲಾಸು, ಸೈನ್ಸ್. ಈ ಕಥೆ ಅವಳದ್ದು. ನನ್ನ ಬಗ್ಗೆ ಸ್ವಲ್ಪ ಜಾಸ್ತಿ ಬಂದ್ರೆ ಅದು ನನ್ನ ತಪ್ಪಲ್ಲ, ನಾನು ಹಾಗೆ ಎಲ್ಲದರಲ್ಲೂ ಬರ್ತೇನೆ.

ನನ್ನ ಉದ್ಯೋಗ ಎಂಥದಿತ್ತು ಅಂತ ಹೇಳಿಬಿಡ್ತೇನೆ. ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ ಮೂವತ್ತೆರಡು ವರ್ಷ ಚಕ್ರ ಬ್ಯಾಲೆನ್ಸ್ ಮಾಡಿದವ ನಾನು. ಕಾರಿನ ಚಕ್ರ ಸುತ್ತುವಾಗ ಒಂದು ಬದಿ ಭಾರ ಇದ್ರೆ ಸ್ಟೀರಿಂಗ್ ನಡುಗ್ತದೆ. ಅದಕ್ಕೆ ಚಕ್ರವನ್ನು ಮೆಷಿನಿಗೆ ಹಾಕಿ, ತಿರುಗಿಸಿ, ಎಲ್ಲಿ ಭಾರ ಕಮ್ಮಿ ಉಂಟೋ ಅಲ್ಲಿ ರಿಮ್ಮಿನ ಅಂಚಿಗೆ ಸೀಸದ ಒಂದು ಸಣ್ಣ ತುಂಡನ್ನು ಕ್ಲಿಪ್ ಹಾಕಿ ಬಡಿದು ಕೂರಿಸುದು. ಕ್ಲಿಪ್ ಸರಿ ಕೂರದಿದ್ರೆ ಮೆಷಿನ್ ತಿರುಗುವಾಗ ಸೀಸ ಹಾರಿ ಹೋಗಿ ಶಟರಿಗೆ ಠಣ್ ಅಂತ ಬಡಿತದೆ. ನಮ್ಮ ಶಟರಿನಲ್ಲಿ ಹಾಗೆ ಬಿದ್ದ ತಗ್ಗುಗಳು ಎಷ್ಟೋ ಇದ್ದವು. ಅದರಲ್ಲಿ ನನ್ನದು ಕಮ್ಮಿ. ನಂಬಿ.

ಆ ಹುಡುಗಿ ಚಿಕ್ಕದಿರುವಾಗ ರಜೆಯಲ್ಲಿ ಗ್ಯಾರೇಜಿಗೆ ಬಂದು ಒಂದು ಟಯರಿನ ಮೇಲೆ ಕೂತು ಕೇಳ್ತಿದ್ದಳು, ಇದು ಯಾಕೆ ತಿರುಗ್ತದೆ, ಅದು ಯಾಕೆ ನಡುಗ್ತದೆ. ನಮ್ಮ ಮನೆಯಲ್ಲಿ ನನ್ನ ಕೆಲಸದ ಬಗ್ಗೆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಮಗಳು ನರ್ಸು, ಅವಳಿಗೆ ಚಕ್ರ ಅಂದ್ರೆ ಸ್ಟ್ರೆಚರಿನ ಚಕ್ರ. ಮೊಮ್ಮಗಳು ಮಾತ್ರ ಆಗಲೇ ಹೇಳಿದ್ದಳು, “ನಾನು ಮಷೀನ್ಸ್ ಕಲಿತೇನೆ.” ನಾನದನ್ನು ಮೂವತ್ತು ಜನರಿಗೆ ಹೇಳಿದ್ದೆ.

ಒಂದು ಸಂಜೆ ಅವಳು ಪುಸ್ತಕ ಹಿಡ್ಕೊಂಡು ವರಾಂಡಕ್ಕೆ ಬಂದಳು. ನಾನು ಚಹಾ ಕುಡಿತಾ ಕೂತಿದ್ದೆ. ನಮ್ಮ ವರಾಂಡದ ಟೇಬಲಿಗೆ ಒಂದು ಕಾಲು ಗಿಡ್ಡ, ಕಪ್ಪು ಇಟ್ರೆ ಟಕಟಕ ಅಂತದೆ. ಮಗಳು ದಿನಾ ಹೇಳುದು, “ಸಾವಿರ ಚಕ್ರ ಬ್ಯಾಲೆನ್ಸ್ ಮಾಡಿದವರಿಗೆ ಒಂದು ಟೇಬಲ್ ಬ್ಯಾಲೆನ್ಸ್ ಮಾಡ್ಲಿಕ್ಕೆ ಆಗುದಿಲ್ಲ.” ಇರಲಿ.

“ಅಜ್ಜಾ, ಒಂದು ಡೌಟ್. ಒಂದು ವಸ್ತು ಒಂದೇ ಸ್ಪೀಡಿನಲ್ಲಿ ಸರ್ಕಲ್ ಸುತ್ತುತ್ತಾ ಉಂಟು. ಎಕ್ಸಲರೇಶನ್ ಯಾವ ಕಡೆಗೆ?”

ಎಕ್ಸಲರೇಶನ್. ನಾನು ಕನ್ನಡ ಮೀಡಿಯಮ್ಮು, ನಮ್ಮ ಮಾಸ್ಟ್ರು ಅದಕ್ಕೆ ವೇಗೋತ್ಕರ್ಷ ಅಂತಿದ್ರು. ಆ ಶಬ್ದ ಮಾತ್ರ ನನ್ನ ಹತ್ತಿರ ಉಳಿದಿತ್ತು, ಒಳಗಿನ ಮಾಲು ಯಾವಾಗಲೋ ಚೆಲ್ಲಿ ಹೋಗಿತ್ತು. ಆದ್ರೂ ನಾನು ಒಂದು ಕ್ಷಣ ಯೋಚನೆ ಮಾಡ್ಲಿಲ್ಲ.

“ಹೊರಗೆ,” ಅಂದೆ. “ಅದೂ ಒಂದು ಪ್ರಶ್ನೆಯಾ?”

“ಬಟ್ ಬುಕ್ ಸೇಸ್ ಟುವರ್ಡ್ಸ್ ದ ಸೆಂಟರ್.”

“ಆ ಬುಕ್ ಬರ್ದವ ಒಂದು ಚಕ್ರ ಕಳಚಿದ್ದಾನಾ? ಕೇಳು ಅವನತ್ರ. ಏಳು, ಕಾರಿನಲ್ಲಿ ಕೂತ್ಕೋ. ಯಲ್ಲಾ.”

ನನ್ನ ಹಳೆ ಕಾರಿನಲ್ಲಿ ಅವಳನ್ನು ಕೂರಿಸಿಕೊಂಡು ಚಹಾದಂಗಡಿಗೆ ಹೋದೆ. ಇಲ್ಲಿಯ ಚಹಾದಂಗಡಿಗೆ ಇಳಿದು ಹೋಗ್ಲಿಕ್ಕಿಲ್ಲ, ಹಾರ್ನ್ ಹೊಡೆದ್ರೆ ಚಹಾ ಕಾರಿನ ಕಿಟಕಿಗೇ ಬರ್ತದೆ. ಒಂದು ಕರಕ್, ಇಲ್ಲಿಯ ಕಡಕ್ ಹಾಲಿನ ಚಹಾ, ಅಂಚಿನವರೆಗೆ ತುಂಬಿಸಿ, ಮುಚ್ಚಳ ಬೇಡ ಅಂತ ಹೇಳಿ, ಅವಳ ಕೈಯಲ್ಲಿ ಕೊಟ್ಟೆ. ಸೀದಾ ನಮ್ಮ ರೌಂಡ್‌ಅಬೌಟಿಗೆ ಬಂದೆ. ನಡುವೆ ಖರ್ಜೂರದ ಒಂದು ಮರ. ಈ ದೇಶದಲ್ಲಿ ರೌಂಡ್‌ಅಬೌಟನ್ನು ಎಡಕ್ಕೆ ತಿರುಗ್ತಾ ಸುತ್ತುದು, ಅಂದ್ರೆ ಮರ ಯಾವಾಗ್ಲೂ ನನ್ನ ಎಡಗಡೆ. ಒಂದು ಸುತ್ತು ಜೋರು ಹಾಕಿದೆ ನೋಡಿ. ಚಹಾ ಬಲಗಡೆಯ ಅಂಚು ಹತ್ತಿ, ಅವಳ ಬೆರಳಿನ ಮೇಲಿಂದ ಬಾಗಿಲಿಗೆ ಚೆಲ್ಲಿತು. ಅವಳೂ ಬಾಗಿಲಿಗೆ ಹೋಗಿ ಅಂಟಿದಳು.

“ಯಾವ ಕಡೆಗೆ ಹೋಯ್ತು ಚಹಾ?”

“ಹೊರಗೆ,” ಅಂದಳು, ಬೆರಳು ಊದ್ತಾ.

“ನೀನು?”

“ನಾನೂ ಹೊರಗೆ.”

“ಸೀಸ ಹಾರಿದ್ರೆ ಎಲ್ಲಿಗೆ ಹೋಗ್ತದೆ, ಚಕ್ರದ ಒಳಗಾ ಹೊರಗಾ?”

“ಹೊರಗೆ.”

“ಖಲಾಸ್. ಬರಿ ಹಾಗೆ.”

ಬರೆದಳು. ಪರೀಕ್ಷೆಯಲ್ಲಿ ವೃತ್ತ ಬಿಡಿಸಿ, ಬಾಣವನ್ನು ಹೊರಗೆ ಹಾಕಿ, “ಕಾರಣ ಕೊಡಿ” ಅಂತ ಇದ್ದಲ್ಲಿ ಅವಳು ಬರೆದದ್ದು ಇಂಗ್ಲಿಷಿನಲ್ಲಿ, ಅರ್ಥ ಇಷ್ಟು: “ನನ್ನ ಅಜ್ಜ ಮೂವತ್ತೆರಡು ವರ್ಷ ಚಕ್ರ ಬ್ಯಾಲೆನ್ಸ್ ಮಾಡಿದ್ದಾರೆ, ಅವರು ಹೇಳ್ತಾರೆ.”

ಸೋಮವಾರ ಪೇಪರ್ ಬಂತು. ಸೊನ್ನೆ. ಪಕ್ಕದಲ್ಲಿ ಮಿಸ್ಸು ಕೆಂಪು ಪೆನ್ನಿನಲ್ಲಿ ಬರೆದಿದ್ರು, ಮುಂದಿನ ಸಲ ಅಜ್ಜನನ್ನೂ ಕ್ಲಾಸಿಗೆ ಕರ್ಕೊಂಡು ಬಾ ಅಂತ. ಪಕ್ಕದ ಹುಡುಗಿ ಅದನ್ನು ಓದಿದಳು. ಮಧ್ಯಾಹ್ನದೊಳಗೆ ಇಡೀ ಕ್ಲಾಸಿಗೆ ಗೊತ್ತಾಯ್ತು. ಮಿಸ್ಸು ಯಾವ ಪ್ರಶ್ನೆ ಕೇಳಿದ್ರೂ ಹಿಂದಿನ ಬೆಂಚಿನಿಂದ ಒಂದು ಸ್ವರ, “ವಾಟ್ ಡಸ್ ಅಜ್ಜ ಸೇ?”

ಮೊಮ್ಮಗಳು ಆ ದಿನ ನನಗೆ ಬೈಯ್ಲಿಲ್ಲ. ಬೈದಿದ್ರೆ ಸಮಾಧಾನ ಇತ್ತು. ಬ್ಯಾಗಿನಿಂದ ಒಂದು ಫಾರ್ಮ್ ತೆಗೆದು ಊಟದ ಟೇಬಲಿನ ಮೇಲೆ ಇಟ್ಟಳು. ಸೈನ್ಸ್ ಬಿಟ್ಟು ಕಾಮರ್ಸಿಗೆ ಬದಲಾಗ್ಲಿಕ್ಕೆ ಅದು. ಶುಕ್ರವಾರ ಬೆಳಿಗ್ಗೆ ಕೊಡ್ಬೇಕು, ಅದೇ ಕೊನೆ ದಿನ.

“ಮಮ್ಮಾ, ಸೈನ್ ಮಾಡಿ.”

ಮಗಳಿಗೆ ಮೊದಲಿನಿಂದಲೂ ಕಾಮರ್ಸೇ ಇಷ್ಟ. ಆದ್ರೂ ಅವಳು ನರ್ಸು, ಎದುರಿನವರ ಮುಖ ನೋಡಿ ಜ್ವರ ಹೇಳುವವಳು. “ಶುಕ್ರವಾರದವರೆಗೆ ಯೋಚನೆ ಮಾಡು,” ಅಂತ ಹೇಳಿ ನನ್ನ ಕಡೆ ತಿರುಗಿದಳು. “ನಿಮ್ಮ ತಮಾಷೆಗೆ ಈ ಮಗುವೇ ಸಿಕ್ಕಿದ್ದಾ?”

“ತಮಾಷೆ ಮಾಡ್ಲಿಲ್ಲ!” ಅಂದೆ.

ಯಾರೂ ನಂಬ್ಲಿಲ್ಲ. ಅದು ನೋಡಿ ನನ್ನ ಗ್ರಹಚಾರ. ಜೀವಮಾನದಲ್ಲಿ ಒಂದೇ ಒಂದು ಸಲ ಪೂರ್ತಿ ನಂಬಿ, ಎದೆ ಮುಟ್ಟಿ ಹೇಳಿದ ಮಾತು ಅದು. ಅದೇ ತಪ್ಪು ಅಂತ ಮಿಸ್ಸು ಹೇಳ್ತಾರೆ, ಅದೇ ತಮಾಷೆ ಅಂತ ಮನೆಯವರು ಹೇಳ್ತಾರೆ.

ಮಂಗಳವಾರ ನಾನು ರಾಸ್ ಅಲ್ ಖೋರಿಗೆ ಹೋದೆ. ಅಲ್ಲಿ ನಮ್ಮ ಹಳೆ ಗ್ಯಾರೇಜಿನ ಎದುರು ನನ್ನ ಬ್ಯಾರಿ ದೋಸ್ತಿಯ ಕೆಫೆಟೇರಿಯ ಉಂಟು. ಅವನಿಗೂ ನನಗೂ ಜಗಳ ಆಗದ ದಿನ ಇಲ್ಲ, ಮಾತು ಬಿಟ್ಟ ದಿನವೂ ಇಲ್ಲ. ಅವನಾದ್ರೂ ನನ್ನ ಪರ ಮಾತಾಡಿಯಾನು ಅಂತ ಎಲ್ಲ ಹೇಳಿದೆ. ಅವ ಪರೋಟ ಮಗುಚ್ತಾ ಕೇಳಿದ.

“ಈ ಸಲ ಸತ್ಯ ಅಂತ ನಂಬಿಯೇ ಹೇಳಿದ್ದಾ?”

“ಆಣೆ ಮಾಡಿ ಹೇಳ್ತೇನೆ.”

“ಹಾಗಾದ್ರೆ ಇನ್ನೂ ಕಷ್ಟ ಮಾರಾಯ. ಈ ದುಬೈಯಲ್ಲಿ ನಿನ್ನ ಮಾತು ನಂಬುವವಳು ಅಂತ ಇದ್ದದ್ದು ಅದೊಂದು ಹುಡುಗಿ. ಅವಳನ್ನೂ ಕಳ್ಕೊಂಡ್ಯಾ?”

ಅವ ಒಳಗೆ ಹೋಗಿ ಒಂದು ಉದ್ದದ ಸಾಮಾನು ತಂದು ನನ್ನ ಕೈಯಲ್ಲಿಟ್ಟ. ನನ್ನ ರಸಮಟ್ಟ. ಗೋಡೆ ಟೇಬಲು ಸಮ ಉಂಟಾ ಅಂತ ನೋಡುವ ಪಟ್ಟಿ, ನಡುವೆ ಸಣ್ಣ ಗಾಜಿನ ಕೊಳವೆ, ಅದರಲ್ಲಿ ಹಸಿರು ನೀರು, ನೀರಿನಲ್ಲಿ ಒಂದು ಗಾಳಿಗುಳ್ಳೆ. ಶೆಲ್ಫ್ ಹೊಡಿಲಿಕ್ಕೆ ಅಂತ ತಕ್ಕೊಂಡು ಹೋದವ ಎರಡು ವರ್ಷದ ಮೇಲೆ ವಾಪಾಸ್ ಕೊಟ್ಟ. “ಇದನ್ನಾದ್ರೂ ಮನೆಗೆ ಕೊಂಡು ಹೋಗು. ನಿನ್ನ ಹತ್ತಿರ ಸೀದಾ ಮಾತಾಡುವ ವಸ್ತು ಒಂದಾದ್ರೂ ಇರಲಿ.”

ನಾನದನ್ನು ಕಾರಿನ ಮುಂದೆ, ಗ್ಲಾಸಿನ ಕೆಳಗೆ ಡ್ಯಾಶ್‌ಬೋರ್ಡಿನ ಮೇಲೆ ಅಡ್ಡ ಹಾಕಿ ಹೊರಟೆ. ಆ ಒಳರಸ್ತೆಯ ಕೊನೆಯಲ್ಲಿ ಒಂದು ರೌಂಡ್‌ಅಬೌಟ್. ತಿರುಗಿಸಿದೆ. ನನ್ನ ದೇಹ ಬಲಕ್ಕೆ ವಾಲಿತು, ಪಕ್ಕದ ಸೀಟಿನ ನ್ಯೂಸ್‌ಪೇಪರ್ ಬಲಕ್ಕೆ ಜಾರಿತು. ಗುಳ್ಳೆ ಎಡಕ್ಕೆ ಓಡಿತು.

ನಾನು ಕಣ್ಣುಜ್ಜಿಕೊಂಡೆ. ಹೊರಗೆ ಹೋಗದೆ ಇನ್ನೊಂದು ಸುತ್ತು ಹಾಕಿದೆ. ಎಲ್ಲ ಬಲಕ್ಕೆ, ಗುಳ್ಳೆ ಎಡಕ್ಕೆ, ವೃತ್ತದ ನಡುವಿಗೆ ಮೂಗು ತೋರಿಸಿಕೊಂಡು. ಸುತ್ತು ಬಿಟ್ಟು ಸೀದಾ ರಸ್ತೆಗೆ ಬಂದ ಕೂಡ್ಲೇ ನಡುವಿಗೆ ಬಂದು ನಿಂತಿತು, ಏನೂ ಆಗದವರ ಹಾಗೆ. ವಾಪಾಸ್ ತಿರುಗಿಸಿ ಬಂದೆ. ಪುನಃ ಎಡಕ್ಕೆ. ಬ್ಯಾರಿ ಇದನ್ನು ಹಾಳು ಮಾಡಿ ಕೊಟ್ಟಿದ್ದಾನೆ ಅಂತ ಖಾತ್ರಿ ಆಯ್ತು ನನಗೆ. ಆರನೇ ಸುತ್ತಿಗೆ ಮೂಲೆಯ ಟಯರ್ ಅಂಗಡಿಯಿಂದ ಒಬ್ಬ ಪಠಾಣ ಹೊರಗೆ ಬಂದು ಕೈ ಬೀಸಿದ, “ಚಾಚಾ, ರಾಸ್ತಾ ಭೂಲ್ ಗಯೇ?”

“ನಹೀ ಭಾಯ್, ಪಢಾಯಿ ಕರ್ ರಹಾ ಹೂಂ,” ಅಂದೆ, ದಾರಿ ತಪ್ಪಲಿಲ್ಲ, ಓದ್ತಾ ಇದ್ದೇನೆ ಅಂತ. ಅವ ತಲೆ ಆಡಿಸಿ ಒಳಗೆ ಹೋದ.

ಬದಿಗೆ ನಿಲ್ಲಿಸಿ ಯೋಚಿಸಿದೆ. ಹಾಳಾಗಿದ್ರೆ ಬೇರೆ ಕಡೆಗೂ ಹಾಳೇ ಇರ್ಬೇಕಲ್ಲ? ರಸಮಟ್ಟವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿ ಇಟ್ಟೆ, ಒಂದು ತುದಿ ನನ್ನ ಕಡೆ, ಇನ್ನೊಂದು ಇಂಜಿನ್ ಕಡೆ. ಖಾಲಿ ಸೀದಾ ರಸ್ತೆ. ಪೆಡಲ್ ಒತ್ತಿದೆ. ನನ್ನ ಬೆನ್ನು ಹಿಂದೆ ಸೀಟಿಗೆ ಅಂಟಿತು, ಗುಳ್ಳೆ ಮುಂದೆ ಓಡಿತು. ಬ್ರೇಕ್ ಹಾಕಿದೆ. ನಾನು ಮುಂದಕ್ಕೆ ಬಾಗಿದೆ, ಗುಳ್ಳೆ ಹಿಂದೆ ಓಡಿತು.

ಆಗ ನನ್ನ ತಲೆಯಲ್ಲಿ ಏನೋ ಠಣ್ ಅಂತ ಶಟರಿಗೆ ಬಡಿದ ಹಾಗಾಯ್ತು. ಪೆಡಲ್ ಒತ್ತಿದಾಗ ಕಾರಿನ ವೇಗ ಏರುದು ಮುಂದಕ್ಕೆ. ಅದರಲ್ಲಿ ಸಂಶಯ ಇಲ್ಲ. ಆದ್ರೆ ಬೆನ್ನು ಹಿಂದಕ್ಕೆ ಹೋಗ್ತದೆ. ಬೆನ್ನು ಸೀಟಿಗೆ ಅಂಟಿತು ಅಂತ ಹೇಳಿ “ಕಾರು ಹಿಂದೆ ಹೋಯ್ತು” ಅಂತ ಯಾವ ಮಂಗ ಹೇಳ್ತಾನೆ? ನಾನು ರೌಂಡ್‌ಅಬೌಟಿನಲ್ಲಿ ಹೇಳಿದ್ದು ಸರೀ ಅದನ್ನೇ. ನಾನು ಬಲಕ್ಕೆ ಅಂಟಿದೆ, ಹಾಗಾಗಿ ಎಕ್ಸಲರೇಶನ್ ಬಲಕ್ಕೆ. ಮನುಷ್ಯ ಎಲ್ಲಿಗೆ ಬೀಳ್ತಾನೆ ಅಂತ ನೋಡಿದೆ, ಕಾರು ಎಲ್ಲಿಗೆ ಹೋಗ್ತದೆ ಅಂತ ನೋಡ್ಲಿಲ್ಲ. ಗುಳ್ಳೆ ಮಾತ್ರ ಸರಿ ಹೇಳ್ತಾ ಉಂಟು. ನೀರು ಭಾರ, ಇದ್ದ ದಾರಿ ಬಿಡ್ಲಿಕ್ಕೆ ಅದಕ್ಕೆ ಮನಸ್ಸಿಲ್ಲ, ಹಿಂದೆ ಉಳಿತದೆ. ಗುಳ್ಳೆ ಹಗುರ, ನೀರು ಬಿಟ್ಟ ಜಾಗಕ್ಕೆ ಹೋಗ್ತದೆ. ಎಕ್ಸಲರೇಶನ್ ಎಲ್ಲಿಗೋ ಅಲ್ಲಿಗೆ.

ನನಗೆ ನಗು ಬಂತು, ಸಿಟ್ಟೂ ಬಂತು. ಮನೆಗೆ ಓಡಿದೆ.

“ಮಗಾ, ಬಾ ಬಾ! ಬುಕ್ಕು ಸರಿ! ಒಳಗೆ! ಈ ಗುಳ್ಳೆ ನೋಡು!”

ಅವಳು ತಲೆ ಎತ್ತಲಿಲ್ಲ. “ಅಜ್ಜಾ, ಪ್ಲೀಸ್. ನಾಟ್ ಅಗೇನ್.”

“ತಮಾಷೆ ಅಲ್ಲ ಮಾರಾಯ್ತಿ.”

“ಒಳಗೆ ಮ್ಯಾಗ್ನೆಟ್ ಇಟ್ಟಿದ್ದೀರಿ.”

ಅವಳು ಹಾಗೆ ಹೇಳ್ಲಿಕ್ಕೆ ಕಾರಣ ಉಂಟು. ಒಮ್ಮೆ ಅವಳ ಸ್ಕೂಲ್ ಪಿಕ್ನಿಕ್ಕಿಗೆ ಕೊಟ್ಟ ದಿಕ್ಸೂಚಿಯ ಅಡಿಗೆ ನಾನು ಒಂದು ಮ್ಯಾಗ್ನೆಟ್ ಅಂಟಿಸಿ, ಶಾರ್ಜಾ ಕಡೆ ಇದ್ದ ಉತ್ತರವನ್ನು ಅಬುಧಾಬಿ ಕಡೆಗೆ ತಿರುಗಿಸಿ ಕಳಿಸಿದ್ದೆ. ಬಹಳ ಒಳ್ಳೆ ಕೆಲಸ ಅದು. ಆದ್ರೆ ಆ ಒಳ್ಳೆ ಕೆಲಸದ ಫಲ ಮಂಗಳವಾರ ನನ್ನ ಎದುರು ಬಂದು ನಿಂತಿತು. ಸತ್ಯ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೇನೆ, ತಕ್ಕೊಳ್ಳುವವರಿಲ್ಲ.

ಬುಧವಾರ ಇಡೀ ದಿನ ನಾನು ಮಾತಾಡದೆ ಕೂತೆ. ಮಗಳು ಬಂದು ನನ್ನ ಬಿ.ಪಿ. ನೋಡಿದಳು. ಗುರುವಾರ ಸಂಜೆ, ಫಾರ್ಮಿಗೆ ಇನ್ನೊಂದು ರಾತ್ರಿ ಮಾತ್ರ ಬಾಕಿ ಇರುವಾಗ, ನನಗೆ ಉಪಾಯ ಸಿಕ್ಕಿತು. ನಾನು ಸತ್ಯ ಹೇಳಿದ್ರೆ ಯಾರೂ ನಂಬುದಿಲ್ಲ. ಆದ್ರೆ ನನ್ನನ್ನು ಸೋಲಿಸ್ಲಿಕ್ಕೆ ಸಿಕ್ಕಿದ್ರೆ ಆ ಹುಡುಗಿ ಬಿಡುವವಳಲ್ಲ, ನನ್ನದೇ ರಕ್ತ.

ಅವಳ ಕೋಣೆಯ ಬಾಗಿಲಿಗೆ ಒರಗಿ ನಿಂತು ಹೇಳಿದೆ, “ನಿನ್ನ ಬುಕ್ಕೂ ತಪ್ಪು, ನಿನ್ನ ಮಿಸ್ಸೂ ತಪ್ಪು. ಮೊನ್ನೆ ಹೇಳಿದ್ದು ನಿನ್ನನ್ನು ಸಮಾಧಾನ ಮಾಡ್ಲಿಕ್ಕೆ. ಗುಳ್ಳೆ ಹೊರಗೇ ಹೋಗುದು. ಬೆಟ್ ಕಟ್ತೀಯಾ?”

ಪೆನ್ನು ನಿಂತಿತು.

“ಎಂಥ ಬೆಟ್?”

“ಹೊರಗೆ ಹೋದ್ರೆ ನೀನು ಕಾಮರ್ಸ್ ತಕ್ಕೋ, ನಾನು ಸೊಲ್ಲೆತ್ತುದಿಲ್ಲ. ಒಳಗೆ ಹೋದ್ರೆ ನೀನು ಹೇಳಿದ್ದು.”

ಅವಳು ಕಣ್ಣು ಸಣ್ಣ ಮಾಡಿದಳು. “ಒಳಗೆ ಹೋದ್ರೆ ನೀವು ಪಪ್ಪನಿಗೆ ಥ್ರೀ ರೌಂಡ್ಸಿನ ಟ್ರೂತ್ ಹೇಳ್ಬೇಕು.”

ಇಷ್ಟು ವರ್ಷ ಸಾಕಿದ ತಮಾಷೆ, ಎಂಥಾ ಚಂದದ ತಮಾಷೆ. ಆದ್ರೆ ಅವಳ ಬ್ಯಾಗಿನ ಬಾಯಲ್ಲಿ ಆ ಫಾರ್ಮ್ ಕಾಣ್ತಾ ಇತ್ತು.

“ಆಯ್ತು,” ಅಂದೆ.

ಮಗಳಿಗೆ ಡ್ಯೂಟಿ ಇತ್ತು. ಅಳಿಯ ಆಗಷ್ಟೇ ಬಂದು ಶೂ ಬಿಚ್ತಾ ಇದ್ದ, ಪುನಃ ಹಾಕಿಸಿದೆವು. ಅವ ಸ್ಟೀರಿಂಗಿನಲ್ಲಿ, ನಾನು ಅವನ ಬಲಗಡೆ, ಹುಡುಗಿ ಬ್ಯಾಗ್ ಸಮೇತ ಹಿಂದಿನ ಸೀಟಿನ ನಡುವೆ ಮುಂದಕ್ಕೆ ಬಾಗಿಕೊಂಡು. ಅವಳೇ ರಸಮಟ್ಟವನ್ನು ತಿರುಗಿಸಿ ಮಗುಚಿ ನೋಡಿದಳು, ಅಡಿಯಲ್ಲಿ ಉಗುರಿನಿಂದ ಕೆರೆದು ಮ್ಯಾಗ್ನೆಟ್ ಹುಡುಕಿದಳು. ಆಮೇಲೆ ಅಡ್ಡ ಇಟ್ಟು ಟೇಪ್ ಹಾಕಿದಳು.

“ಎಲ್ಲಿಗೆ ಹೋಗುದು?” ಅಂತ ಅಳಿಯ.

“ರೌಂಡ್‌ಅಬೌಟಿಗೆ,” ಅಂದೆವು ಇಬ್ಬರೂ.

“ಅಲ್ಲಿಂದ?”

“ರೌಂಡ್‌ಅಬೌಟಿಗೇ.”

ಮೊದಲ ಸುತ್ತು. ಗುಳ್ಳೆ ಎಡಕ್ಕೆ.

“ಯೆಸ್!” ಹಿಂದಿನಿಂದ ಒಂದು ಕೂಗು, ನನ್ನ ಕಿವಿ ಹೋಯ್ತು.

“ರಸ್ತೆ ಓರೆ ಉಂಟು,” ಅಂದೆ ನಾನು. ಎರಡನೇ ಸುತ್ತು. “ಕಾರಿನ ಟಯರ್ ಸವೆದಿದೆ.” ಮೂರನೇ ಸುತ್ತು. “ಗುಳ್ಳೆಯೇ ಕಳ್ಳ. ನನ್ನ ಭುಜ ನೋಡು, ಬಾಗಿಲಿಗೆ ಅಂಟಿದೆ. ನನ್ನ ಭುಜ ಸುಳ್ಳು ಹೇಳ್ತದಾ?”

“ನಿಮ್ಮದೆಲ್ಲವೂ ಸುಳ್ಳು ಹೇಳ್ತದೆ ಅಜ್ಜಾ. ತಡೀರಿ.” ಅವಳು ಬ್ಯಾಗಿನಲ್ಲಿ ಕಾಗದ ಹುಡುಕಿದಳು. ಕೈಗೆ ಸಿಕ್ಕಿದ್ದನ್ನು ಮಗುಚಿ, ಖಾಲಿ ಬದಿಯಲ್ಲಿ ಒಂದು ವೃತ್ತ ಎಳೆದಳು. “ನೀವು ಸೀದಾ ಹೋಗ್ಲಿಕ್ಕೆ ನೋಡ್ತೀರಿ. ಕಾರು ಎಡಕ್ಕೆ ತಿರುಗ್ತದೆ. ಬಾಗಿಲು ಬಂದು ನಿಮ್ಮನ್ನು ಒಳಗೆ ದೂಡ್ತದೆ. ಯಾರೂ ನಿಮ್ಮನ್ನು ಹೊರಗೆ ಎಳಿತಾ ಇಲ್ಲ. ಬಾಗಿಲು ಇಲ್ಲದಿದ್ರೆ ನೀವು ಸೀದಾ ಹೋಗಿ ಆ ಗ್ರೋಸರಿ ಒಳಗೆ.”

“ಸೀಸ ಹಾರುದು?”

“ಅದನ್ನು ಯಾರು ಹಿಡ್ಕೊಂಡಿದ್ರು?”

ಅದನ್ನು ನಾನು ಯೋಚಿಸಿರಲಿಲ್ಲ. ಕ್ಲಿಪ್ ಹಿಡ್ಕೊಂಡಿತ್ತು! ಮೂವತ್ತೆರಡು ವರ್ಷ ಸುತ್ತಿಗೆ ಹಿಡಿದು ಆ ಕ್ಲಿಪ್ಪನ್ನು ಬಡಿದು ಕೂರಿಸಿದ್ದು ಎಂಥಕ್ಕೆ? ಸೀಸ ತನ್ನ ದಾರಿ ಹಿಡ್ಕೊಂಡು ಹೋಗದ ಹಾಗೆ, ಕ್ಷಣ ಕ್ಷಣ ಒಳಗೆ ಎಳೆದು ಇಟ್ಟುಕೊಳ್ಳಿಕ್ಕೆ. ಹಿಡಿತ ಬಿಟ್ಟ ಕೂಡ್ಲೇ ಅದು ಇದ್ದ ಮುಖದಲ್ಲೇ ಸೀದಾ ಓಡಿ ಶಟರಿಗೆ ಬಡಿದದ್ದು. ಒಳಗಿನ ಎಳೆತವನ್ನು ನಾನೇ ನನ್ನ ಕೈಯಾರೆ ಬಡಿದು ಕೂರಿಸಿ, ಸಂಬಳ ತಕ್ಕೊಂಡು, ಹೊರಗೆ ಅಂತ ಪಾಠ ಮಾಡಿದ್ದೆ.

ಆದ್ರೆ ಇನ್ನೊಂದು ಪ್ರಶ್ನೆ ನನಗೆ ನಿಜವಾಗಿಯೂ ಇತ್ತು. ನಾಟಕದ್ದಲ್ಲ, ಮಂಗಳವಾರದಿಂದ ಕೊರಿತಾ ಇದ್ದದ್ದು.

“ಅಲ್ಲ ಮಗಾ, ಸ್ಪೀಡ್ ನೋಡು. ಮುಳ್ಳು ಇಪ್ಪತ್ತೈದರಲ್ಲೇ ಉಂಟು. ನಿನ್ನ ಪಪ್ಪ ಪೆಡಲ್ ಜಾಸ್ತಿಯೂ ಒತ್ತುದಿಲ್ಲ, ಕಮ್ಮಿಯೂ ಮಾಡುದಿಲ್ಲ. ವೇಗ ಬದಲಾಗದೆ ಎಕ್ಸಲರೇಶನ್ ಎಲ್ಲಿಂದ ಬಂತು? ಒಳಗೂ ಬೇಡ ಹೊರಗೂ ಬೇಡ, ಸೊನ್ನೆ ಅಲ್ವಾ?”

ಒಂದು ಸುತ್ತು ಹೋಯ್ತು. ಇನ್ನೊಂದು ಹೋಯ್ತು. ಕಿಟಕಿಯ ಹೊರಗೆ ಖರ್ಜೂರದ ಮರ, ಮಸೀದಿ, ಗ್ರೋಸರಿ, ಪುನಃ ಮಸೀದಿ. ಅವಳು ಪೆನ್ನು ಕಚ್ಚಿಕೊಂಡು ಅಪ್ಪನ ಕೈಯನ್ನೇ ನೋಡ್ತಾ ಇದ್ದಳು.

“ಸ್ಟೀರಿಂಗ್!” ಅಂದಳು ಒಮ್ಮೆಲೇ. “ಅಜ್ಜಾ, ಸ್ಟೀರಿಂಗ್! ಪಪ್ಪಾ, ಈಗ ಕಾರಿನ ಮುಖ ಎಲ್ಲಿಗೆ?”

“ಮಸೀದಿಗೆ,” ಅಂದ ಅಳಿಯ.

“ಈಗ?”

“ಗ್ರೋಸರಿಗೆ.”

ಅವಳು ಎರಡು ಬಾಣ ಎಳೆದಳು, ಒಂದೇ ಉದ್ದದ್ದು. “ಉದ್ದ ಒಂದೇ, ಬಿಕಾಸ್ ಸ್ಪೀಡ್ ಒಂದೇ. ಆದ್ರೆ ದಿಕ್ಕು ಬದಲಾಯ್ತು. ಅದೂ ಬದಲಾವಣೆಯೇ. ಬಾಣದ ಮೂತಿ ಯಾವ ಕಡೆ ತಿರುಗಿತು? ಎಡಕ್ಕೆ. ಯಾವಾಗ್ಲೂ ಎಡಕ್ಕೆ. ಎಡಗಡೆ ಎಂಥ ಉಂಟು?”

“ಖರ್ಜೂರದ ಮರ,” ಅಂದೆ.

ಅವಳು ವೃತ್ತದ ನಡುವೆ ಮರ ಬಿಡಿಸಿ, ಸುತ್ತಲಿಂದ ಅದರ ಕಡೆಗೆ ಬಾಣ ಎಳೆದಳು. “ಸೆಂಟರ್! ಕಾರು ಎಲ್ಲಿದ್ದರೂ ಎಕ್ಸಲರೇಶನ್ ಮರದ ಕಡೆಗೆ. ಅಜ್ಜಾ, ಕಾರಿನಲ್ಲಿ ಎಕ್ಸಲರೇಟರ್ ಒಂದಲ್ಲ, ಮೂರು ಉಂಟು. ಪೆಡಲ್, ಬ್ರೇಕ್, ಸ್ಟೀರಿಂಗ್!”

ನಾನು ಈ ದೇಶದಲ್ಲಿ ಎಷ್ಟೋ ಸಾವಿರ ಕಾರಿನ ಅಡಿಗೆ ಮಲಗಿದವ. ಸ್ಟೀರಿಂಗ್ ಕೂಡ ಎಕ್ಸಲರೇಟರ್ ಅಂತ ಒಂದು ಕಾರೂ ನನಗೆ ಹೇಳಿರಲಿಲ್ಲ.

“ಮಾವ,” ಅಂದ ಅಳಿಯ ಮೆಲ್ಲಗೆ, “ಒಂಬತ್ತು ಸುತ್ತು ಆಯ್ತು. ನಿಯಮ ಮೂರೇ ಅಲ್ವಾ?”

ಹುಡುಗಿ ನನ್ನ ಭುಜಕ್ಕೆ ತಿವಿದಳು. ಬೆಟ್ ಅಂದ್ರೆ ಬೆಟ್. ನಾನು ಗಂಟಲು ಸರಿ ಮಾಡಿಕೊಂಡು, ಖರ್ಜೂರದ ಮರ ನೋಡ್ತಾ ಹೇಳಿದೆ, ಅಂಥ ನಿಯಮ ಇಲ್ಲ ಮಗ, ಅದು ನಾನು ಕಟ್ಟಿದ್ದು, ತಪ್ಪಾಯ್ತು.

ಅಳಿಯ ಇಂಡಿಕೇಟರ್ ಹಾಕಿ ಹೊರಗೆ ಬಂದ. ಕನ್ನಡಿ ಸರಿ ಮಾಡಿದ, ಏ.ಸಿ. ಕಮ್ಮಿ ಮಾಡಿದ. ನನಗೆ ನಿಜವಾಗಿ ಬೇಸರ ಆಗ್ಲಿಕ್ಕೆ ಶುರುವಾಯ್ತು. ಆಮೇಲೆ ಹೇಳಿದ, “ನೀವು ಹೇಳಿದ ಮೂರನೇ ದಿನವೇ ಆಫೀಸಿನಲ್ಲಿ ಗೊತ್ತಾಯ್ತು ಮಾವ. ಎಲ್ಲರೂ ಬಿದ್ದು ಬಿದ್ದು ನಗಾಡಿದ್ರು.”

“ಮತ್ತೆ ಇಷ್ಟು ವರ್ಷ ಸುತ್ತಿದ್ದು ಎಂಥಕ್ಕೆ?”

“ನೀವು ಕಾ‌ರಿನಲ್ಲಿ ಇದ್ದಾಗ ಮಾತ್ರ. ನಿಮಗೆ ತಲೆ ತಿರುಗ್ತದಲ್ಲ, ಬಾಗಿಲಿನ ಹಿಡಿ ಹಿಡ್ಕೊಳ್ತೀರಲ್ಲ, ಅದು ನೋಡ್ಲಿಕ್ಕೆ. ನಿಮ್ಮ ಮಗಳಿಗೂ ಗೊತ್ತುಂಟು. ಮನೆಗೆ ಬಂದು ಇಬ್ಬರೂ ನಗಾಡ್ತೇವೆ.”

ಪಾಪದವ ಅಂದೆನಲ್ಲ? ಆ ಮಾತು ವಾಪಾಸ್. ಹಿಂದಿನ ಸೀಟಿನಲ್ಲಿ ಹುಡುಗಿ ಉರುಳಾಡಿ ನಗ್ತಾ ಇದ್ದಳು. ಸೋಮವಾರದಿಂದ ಕೇಳದ ನಗು ಅದು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಕಾರಿಂದ ಇಳಿಯುವಾಗ ಅವಳು ನನ್ನ ಕೈ ಹಿಡ್ಕೊಂಡು ಕೇಳಿದಳು, “ಅಜ್ಜಾ, ಮೊನ್ನೆ ನೀವು ಒಳಗೆ ಅಂತ ಹೇಳಿದ್ದು ನಿಜವೇ ಅಲ್ವಾ? ಇವತ್ತು ಸೋಲ್ಲಿಕ್ಕೇ ಬೆಟ್ ಕಟ್ಟಿದ್ದು.”

“ನನಗೆ ಎಂಥ ಗೊತ್ತು,” ಅಂದೆ, ನನ್ನ ಗಂಭೀರ ಮುಖ ಹಾಕಿ. “ನಾನು ಕನ್ನಡ ಮೀಡಿಯಮ್ಮು.”

ಶುಕ್ರವಾರ ಬೆಳಿಗ್ಗೆ ಅವಳು ರಸಮಟ್ಟವನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಹೋದಳು. ಫಾರ್ಮಿನ ಬಗ್ಗೆ ಅವಳು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಶುಕ್ರವಾರ ಅರ್ಧ ದಿನವೇ ಸ್ಕೂಲು. ಆ ಅರ್ಧ ದಿನ ಎಷ್ಟು ಉದ್ದ ಇತ್ತು ಅಂತ ನನ್ನನ್ನು ಕೇಳಿ. ವರಾಂಡದಲ್ಲಿ ಕೂತು ಟಕಟಕ ಅನ್ನುವ ಟೇಬಲಿನಲ್ಲಿ ಮೂರು ಚಹಾ ಕುಡಿದೆ.

ಬಸ್ಸಿಳಿದು ಬಂದಳು. ಮುಖ ಸಪ್ಪೆ. ಬ್ಯಾಗ್ ಕೆಳಗಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು.

“ಎಂಥಾಯ್ತು?”

“ಮಿಸ್ಸಿಗೆ ತೋರಿಸಿದೆ. ಟ್ರಾಲಿ ಮೇಲೆ ಇಟ್ಟು ಕ್ಲಾಸಿನಲ್ಲಿ ಸುತ್ತಿಸಿದೆ.”

“ಮತ್ತೆ?”

“ರಾಂಗ್ ಅಂತ ಹೇಳಿದ್ರು. ಅಗೇನ್.”

ಕಪ್ಪು ಕೈಯಲ್ಲೇ ಉಳಿತು. “ಹೇಗೆ ರಾಂಗ್? ಗುಳ್ಳೆ ಒಳಗೆ ಹೋಗ್ಲಿಲ್ವಾ? ನೀನು ಅಡ್ಡ ಇಟ್ಟಿದ್ದಿಯಾ ಉದ್ದ ಇಟ್ಟಿದ್ದಿಯಾ? ನಡಿ, ನಾನೇ ಬರ್ತೇನೆ ನಿನ್ನ ಸ್ಕೂಲಿಗೆ. ಆ ಮಿಸ್ಸಿನತ್ರ ನಾನು...” ಚಪ್ಪಲಿ ಹುಡುಕ್ಲಿಕ್ಕೆ ಎದ್ದೆ. ಒಂದು ಸಿಕ್ಕಿತು, ಇನ್ನೊಂದು ಸಿಗ್ಲಿಲ್ಲ. ಮೊಣಕಾಲೂರಿ ಕುರ್ಚಿಯ ಅಡಿಯಲ್ಲಿ ತಡಕ್ತಾ ಇದ್ದೆ.

ತಲೆ ಎತ್ತಿ ನೋಡಿದ್ರೆ ಆ ಹುಡುಗಿ ಕಣ್ಣೆವೆ ಅಲ್ಲಾಡಿಸದೆ, ತುಟಿ ಬಿಗಿಹಿಡಿದು, ಎಂಥಾ ಗಂಭೀರ ಮುಖ ಮಾಡಿಕೊಂಡು ಕೂತಿದ್ದಾಳೆ. ಆ ಮುಖ ನನಗೆ ಗೊತ್ತು. ಎಪ್ಪತ್ತು ವರ್ಷ ಕನ್ನಡಿಯಲ್ಲಿ ನೋಡಿದ್ದೇನೆ.

“ಕಳ್ಳಿ!” ಅಂದೆ.

ಅವಳು ಸ್ಫೋಟ ಆದ ಹಾಗೆ ನಕ್ಕಳು. ಮಿಸ್ಸು ಗುಳ್ಳೆ ನೋಡಿ ಚಪ್ಪಾಳೆ ತಟ್ಟಿದ್ದು, ಇಡೀ ಕ್ಲಾಸು ಸಾಲಿನಲ್ಲಿ ನಿಂತು ಟ್ರಾಲಿ ತಿರುಗಿಸಿದ್ದು, ಹಿಂದಿನ ಬೆಂಚಿನವ ತನಗೂ ಅಂಥದ್ದೊಂದು ಎಲ್ಲಿ ಸಿಗ್ತದೆ ಅಂತ ಕೇಳಿದ್ದು, ಎಲ್ಲ ನಗುವಿನ ನಡುವೆ ತುಂಡು ತುಂಡಾಗಿ ಬಂತು. ಬರುವ ವಾರ ಬ್ರೇಕಿನ ಪಾಠಕ್ಕೂ ಅಜ್ಜನ ಸಾಮಾನು ತರ್ಲಿಕ್ಕೆ ಹೇಳಿದ್ದಾರಂತೆ.

ಆಮೇಲೆ ಅವಳು ಬ್ಯಾಗಿನಿಂದ ಫಾರ್ಮ್ ತೆಗೆದು ನನಗೆ ಕೊಟ್ಟಳು. ಒಂದು ಬದಿಯಲ್ಲಿ ಸೈನಿನ ಜಾಗ ಖಾಲಿ. ಮಗುಚಿದ್ರೆ ಖರ್ಜೂರದ ಮರ, ಸುತ್ತ ವೃತ್ತ, ಮರಕ್ಕೆ ಮುಖ ಮಾಡಿದ ಎಂಟು ಬಾಣ.

“ಇದನ್ನು ಎಂಥ ಮಾಡುದು?”

“ನಿಮಗೆ ಬೇಕಾದ್ದು ಮಾಡಿ,” ಅಂತ ಹೇಳಿ ಅನ್ನ ಉಣ್ಲಿಕ್ಕೆ ಒಳಗೆ ಹೋದಳು.

ನಾನು ಫಾರ್ಮನ್ನು ನಾಲ್ಕು ಮಡಿಕೆ ಮಾಡಿದೆ. ಟೇಬಲಿನ ಗಿಡ್ಡ ಕಾಲಿನ ಅಡಿಗೆ ಇಟ್ಟೆ. ಸಾಕಾಗ್ಲಿಲ್ಲ, ಇನ್ನೊಂದು ಮಡಿಕೆ ಮಾಡಿದೆ. ಅವಳ ಬ್ಯಾಗಿನಿಂದ ರಸಮಟ್ಟ ತೆಗೆದು ಮೇಲೆ ಇಟ್ಟು ನೋಡಿದೆ. ಗುಳ್ಳೆ ಸ್ವಲ್ಪ ಅತ್ತ, ಸ್ವಲ್ಪ ಇತ್ತ ಆಡಿ, ಸರೀ ನಡುವಿಗೆ ಬಂದು ನಿಂತಿತು.

ಮಗಳನ್ನು ಕರೆದು ತೋರಿಸಿದೆ. ಟೇಬಲ್ ಬ್ಯಾಲೆನ್ಸ್ ಮಾಡುದು ಒಂದೇ ದಿನದ ಕೆಲಸ, ಅಂದೆ.